ಟೆಸ್ಟ್ ಮೇಲ್, ಗಮನಿಸಬೇಡಿ

ಕಂಪನಿಯಿಂದ ಹೊರಗೆ ಹೋದ ಮೇಲ್‌ಗಳೆಲ್ಲ ಕಪಾಳಕ್ಕೆ ಹೊಡೆಸಿಕೊಂಡವರ ಹಾಗೆ ವಾಪಸು ಬರುತ್ತಿವೆ ಎಂದು ಸೋಮವಾರ ಒಂಬತ್ತೂಕಾಲಿಗೆ ಮಾರಾಟ ವಿಭಾಗದಾಕೆ ಬಾಗಿಲಲ್ಲಿ ನಿಂತು ಕೂಗಿದಾಗ ಪೋಸ್ಟ್‌ಮಾಸ್ಟರನಿಗೆ ಆದದ್ದು ಗಾಬರಿಯಲ್ಲ, ಸಂತೋಷ. ಅದೂ ಮರ್ಯಾದಸ್ಥ ಸಂತೋಷವಲ್ಲ. ಹೊಟ್ಟೆಯಿಂದ ಗುಳುಗುಳು ಎಂದು ಎದ್ದು ಗಂಟಲಿಗೆ ಬಂದು, ನಗಲೇ ಬೇಡವೇ ಎಂದು ಕೇಳುತ್ತ ನಿಲ್ಲುವಂಥದ್ದು. ಅವನು ತುಟಿ ಕಚ್ಚಿಕೊಂಡ. ಆದರೂ ಬಾಯಿಯ ಎಡಮೂಲೆ ಅವನ ಮಾತು ಕೇಳಲಿಲ್ಲ.

"ಎಲ್ಲರದ್ದೂನಾ?" ಎಂದ. "ಒಬ್ಬರದ್ದೇ ಅಲ್ಲ ತಾನೇ?"

"ಎಲ್ಲರದ್ದೂ ಅಂದ್ನಲ್ಲ. ನನ್ನದು ಹನ್ನೊಂದು. ಪ್ಯಾಕಿಂಗ್‌ನವರದ್ದು ನಾಲ್ಕು. ಯಜಮಾನರದ್ದೇ ಒಂದು ವಾಪಸ್ ಬಂದಿದೆ. ಯಾಕ್ರೀ ಹಲ್ಲು ಬಿಡ್ತಿದ್ದೀರಿ?"

"ಹಲ್ಲು ಬಿಡ್ತಿಲ್ಲ. ಯೋಚನೆ ಮಾಡ್ತಿದ್ದೀನಿ."

"ಯೋಚನೆ ಮಾಡುವಾಗ ನಿಮ್ಮ ಮುಖ ಹೀಗಿರುತ್ತಾ? ನೋಡಿ ಪೋಸ್ಟ್‌ಮಾಸ್ಟ್ರೇ, ನಾಲ್ಕು ಗಂಟೆ ಒಳಗೆ ಆ ಹಾಸ್ಟೆಲಿನವರಿಗೆ ನಮ್ಮ ಬೀಗದ ವಿವರ ಹೋಗ್ಬೇಕು. ಆರುನೂರು ಬಾಗಿಲು. ಹೋಗ್ಲಿಲ್ಲ ಅಂದ್ರೆ ನಿಮ್ಮನ್ನೇ ಒಂದು ಬಾಗಿಲಿಗೆ ಚಿಲಕ ಮಾಡಿ ಕೂರಿಸ್ತೀನಿ."

ಅವನ ಕೆಲಸ ಬೀಗದ ಕಂಪನಿಯ ಕಂಪ್ಯೂಟರುಗಳನ್ನೂ ಮೇಲ್ ಸರ್ವರನ್ನೂ ನೋಡಿಕೊಳ್ಳುವುದು. ಪೋಸ್ಟ್‌ಮಾಸ್ಟರ್ ಎಂಬ ಹೆಸರು ಬಂದದ್ದು ವಾಪಸು ಬರುವ ಮೇಲ್‌ಗಳಿಂದ. ಯಾವ ಮೇಲ್ ಎಲ್ಲಿ ತಿರಸ್ಕೃತವಾದರೂ 'ಪೋಸ್ಟ್‌ಮಾಸ್ಟರ್' ಎಂಬ ಸಹಿಯಲ್ಲಿ ಒಂದು ಒಣ ಉತ್ತರ ಬರುತ್ತದೆ. ಅದನ್ನು ಬರೆಯುವುದು ಯಂತ್ರ. ಆದರೆ ಅದು ಅವನೇ ಕೂತು ಬರೆಯುವ ಉತ್ತರವೆಂದು ಹದಿನಾರು ವರ್ಷಗಳಿಂದ ಅರ್ಧ ಆಫೀಸು ನಂಬಿದೆ. 'ನನ್ನ ಮೇಲ್ ಯಾಕ್ರೀ ಬೇಡ ಅಂದ್ರಿ?' ಎಂದು ಜನ ಅವನ ಮೇಜಿಗೇ ಬಂದು ಜಗಳಕ್ಕೆ ನಿಲ್ಲುತ್ತಿದ್ದರು. ಅವನು ಪ್ರತಿಯೊಬ್ಬರಿಗೂ ಅದೇ ಪಾಠ ಹೇಳುತ್ತಿದ್ದ: 'ಬೇಡ ಅಂದಿದ್ದು ಮನುಷ್ಯರಲ್ಲ, ಯಂತ್ರ. ಆ ಕಡೆಯವರಿಗೆ ನಿಮ್ಮ ಮೇಲ್ ಬಂದಿದ್ದೇ ಗೊತ್ತಿಲ್ಲ. ಮನಸ್ಸಿಗೆ ಹಚ್ಕೋಬೇಡಿ.' ಇಷ್ಟು ವರ್ಷ ಊರಿಗೆಲ್ಲ ಹೇಳಿದ ಪಾಠ ಮೊನ್ನೆ ಶುಕ್ರವಾರ ಸಂಜೆ ಆರು ಗಂಟೆ ಹನ್ನೆರಡು ನಿಮಿಷಕ್ಕೆ ಅವನಿಗೇ ಮರೆತುಹೋಗಿತ್ತು.

ಶುಕ್ರವಾರ ಕಂಪನಿಗೆ ಹೊಸ ಇಂಟರ್ನೆಟ್ ಲೈನು ಬಂದಿತ್ತು. ಹಳೆಯದನ್ನು ಕಿತ್ತು ಹೊಸದನ್ನು ಜೋಡಿಸಿ, ಒಳಗೆ ಬರುವುದು ಸರಿ, ಹೊರಗೆ ಹೋಗುವುದು ಸರಿ ಎಂದು ಪರೀಕ್ಷಿಸಿ ಹಾಳೆಯಲ್ಲಿ ಗುರುತು ಹಾಕಿ ಸಹಿ ಮಾಡಬೇಕಿತ್ತು. ಎಲ್ಲರೂ ಮನೆಗೆ ಹೋಗಿದ್ದರು. ಹೊರಗೆ ಹೋಗುವುದನ್ನು ಪರೀಕ್ಷಿಸಲು ಯಾರಿಗಾದರೂ ಒಂದು ಮೇಲ್ ಕಳಿಸಬೇಕಲ್ಲ. ಯಾರಿಗೆ ಎಂದು ಕೂತವನಿಗೆ, ಎಂಟು ತಿಂಗಳಿನಿಂದ ಕಳಿಸದೆ ಇಟ್ಟ ಒಂದು ಪತ್ರ ಪರದೆಯ ಮೂಲೆಯಿಂದ ಕಣ್ಣು ಹೊಡೆದಂತಾಯಿತು. ಅಕ್ಕನಿಗೆ ಬರೆದದ್ದು. ಹನ್ನೊಂದು ವರ್ಷ ಮಾತಿಲ್ಲದ ಅಕ್ಕ. ವಿಳಾಸವನ್ನು ಹೆಂಡತಿ ಅಕ್ಕನ ಮಗಳಿಂದ ಗುಟ್ಟಾಗಿ ತಂದುಕೊಟ್ಟಿದ್ದಳು. 'ಫೋನ್ ಮಾಡೋಕೆ ಧೈರ್ಯ ಇಲ್ಲ ಅಂದ್ರಿ. ಈಗ ಬರೆಯೋಕೂ ಇಲ್ವಾ? ನಿಮ್ಮ ಧೈರ್ಯನ ಯಾವ ಬೀರುವಿನಲ್ಲಿಟ್ಟಿದ್ದೀರಿ ಹೇಳಿ, ನಾನೇ ತೆಗೆದುಕೊಡ್ತೀನಿ' ಎಂದಿದ್ದಳು. ಆ ಸಂಜೆ ಖಾಲಿ ಆಫೀಸು, ಹೊಸ ಲೈನಿನ ಪೆಟ್ಟಿಗೆಯಲ್ಲಿ ಮಿಣಮಿಣ ಹಸಿರು ದೀಪ. ಹೊಸ ದಾರಿಯಲ್ಲಿ ಹೋಗುವ ಮೊದಲ ಪತ್ರ ಇದೇ ಆಗಲಿ ಎಂಬ ಹುಚ್ಚು ಹುಮ್ಮಸ್ಸಿನಲ್ಲಿ ಅವನು ಅದನ್ನು ತೆರೆದ. ಹುಮ್ಮಸ್ಸಿನ ಬೆನ್ನಿಗೇ ಪುಕ್ಕಲುತನವೂ ಬಂತು. ಪತ್ರದ ತಲೆಬರಹದಲ್ಲಿ 'ಟೆಸ್ಟ್ ಮೇಲ್, ಗಮನಿಸಬೇಡಿ' ಎಂದು ಹಾಕಿದ. ಅಕ್ಕ ಸಿಟ್ಟು ಮಾಡಿಕೊಂಡರೆ ಕೈತಪ್ಪಿ ಹೋಯಿತು ಎನ್ನಬಹುದು. ಒತ್ತಿದ. ಎರಡು ಸೆಕೆಂಡು. ಅದು ವಾಪಸು ಬಂತು. 'ಈ ಪತ್ರವನ್ನು ಸ್ವೀಕರಿಸುವುದಿಲ್ಲ. ಕಳಿಸಿದವರಿಗೆ ಒಳ್ಳೆಯ ಹೆಸರಿಲ್ಲ.'

ಬೇರೆ ಯಾರಿಗೆ ಬಂದಿದ್ದರೂ ಅವನು ಆಕಳಿಸುತ್ತ ಕಾರಣ ಹೇಳುತ್ತಿದ್ದ. ಆದರೆ ಇದನ್ನು ಓದಿದವನು ಸರ್ವರ್ ನೋಡಿಕೊಳ್ಳುವವನಾಗಿರಲಿಲ್ಲ, ತಮ್ಮನಾಗಿದ್ದ. ಕಳಿಸಿದವರಿಗೆ ಒಳ್ಳೆಯ ಹೆಸರಿಲ್ಲ. ಅಕ್ಕನ ಮಾತಿನ ವರಸೆಯೇ ಅದು: ಚಿಕ್ಕದು, ಚೊಕ್ಕದು, ಸರಿಯಾದ ಜಾಗಕ್ಕೆ ತಾಗುವುದು. ನನ್ನ ಹೆಸರಿನದೇನಾದರೂ ಬಂದರೆ ತಿರುಗಿಸಿ ಕಳಿಸುವಂತೆ ಅವಳು ಮೊದಲೇ ಏರ್ಪಾಡು ಮಾಡಿಟ್ಟಿದ್ದಾಳೆ ಎಂದುಕೊಂಡ. ನೀರು ಕುಡಿದ. ಆಮೇಲೆ ಹಾಳೆ ತೆಗೆದುಕೊಂಡು, ಪತ್ರ ಹೋಗಿದೆ, ಬಾಗಿಲು ತಟ್ಟಿದೆ, ಅವಳು ಬೇಡ ಎಂದಿದ್ದಾಳೆ, ಅಂದರೆ ಲೈನು ಸರಿಯಾಗೇ ಇದೆ ಎಂದು ತರ್ಕ ಮಾಡಿ, 'ಹೊರಗೆ ಹೋಗುವುದು ಸರಿ' ಎಂಬುದರ ಎದುರು ಗುರುತು ಹಾಕಿ ಸಹಿ ಮಾಡಿ ದೀಪ ಆರಿಸಿ ಮನೆಗೆ ಹೋದ. ಶನಿವಾರ ಹೆಂಡತಿ ಏನಾಯಿತೆಂದು ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದ. ಭಾನುವಾರ ಮನೆಯ ಎಲ್ಲ ಬಾಗಿಲುಗಳ ತಿರುಪುಗಳನ್ನೂ ಬಿಗಿ ಮಾಡಿದ, ಬಿಗಿಯಾಗಿದ್ದವನ್ನೂ.

ಈಗ ಸೋಮವಾರ, ಮತ್ತು ಇಡೀ ಜಗತ್ತು ಇಡೀ ಕಂಪನಿಯನ್ನು ಬೇಡ ಎನ್ನುತ್ತಿದೆ! ಅವನು ಸರ್ವರ್ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಒಬ್ಬನೇ ಎರಡು ಹೆಜ್ಜೆ ಕುಣಿದ. ಆ ತಣ್ಣನೆಯ ಕೋಣೆಯಲ್ಲಿ ಕುಣಿಯಲು ಜಾಗ ಇದ್ದದ್ದು ಎರಡೇ ಹೆಜ್ಜೆಗೆ. ಸರ್ವರಿನ ದಿನಚರಿಯನ್ನು ತೆರೆದರೆ ಶುಕ್ರವಾರ ಸಂಜೆಯಿಂದ ಈವರೆಗೆ ಹೋದ ಮೇಲ್‌ಗಳು ಸಾಲಾಗಿ ನಿಂತಿದ್ದವು, ಒಂದೊಂದರ ಮುಂದೆಯೂ ತಿರಸ್ಕೃತ, ತಿರಸ್ಕೃತ, ತಿರಸ್ಕೃತ, ಅಲ್ಲಲ್ಲಿ ಯಾರೋ ಉದಾರಿ ಒಳಗೆ ಬಿಟ್ಟುಕೊಂಡದ್ದು ಬಿಟ್ಟರೆ. ಯಜಮಾನರಿಗೆ ಒಳ್ಳೆಯ ಹೆಸರಿಲ್ಲ! ಮಾರಾಟದಾಕೆಗೆ ಒಳ್ಳೆಯ ಹೆಸರಿಲ್ಲ! ಪ್ಯಾಕಿಂಗ್‌ನ ಆ ಮೂವರು ಸಾಧುಗಳಿಗೂ ಇಲ್ಲ! ಪ್ರತಿಯೊಂದು ಸಾಲೂ ಅವನ ಬೆನ್ನು ತಟ್ಟಿದಂತಿತ್ತು. ಸಾಲಿನ ತಲೆಯಲ್ಲಿ, ಎಲ್ಲಕ್ಕಿಂತ ಮೇಲೆ, ಆರು ಹನ್ನೆರಡಕ್ಕೆ, ಅಕ್ಕನ ವಿಳಾಸ. ಅಕ್ಕನಿಗೆ ಗೊತ್ತೇ ಇಲ್ಲ. ಪತ್ರ ಅವಳ ಗೇಟನ್ನೂ ಮುಟ್ಟಿಲ್ಲ. ಎರಡೂವರೆ ದಿನ ಅವನು ಅನುಭವಿಸಿದ್ದು ಯಾರೂ ಕೊಡದ ಶಿಕ್ಷೆ. ಆಮೇಲೆ ಕುಣಿತ ನಿಂತಿತು. ಆ ಮೊದಲ ಸಾಲನ್ನು ಅವತ್ತೇ ಕೆಲಸದವನ ಕಣ್ಣಿನಿಂದ ನೋಡಿದ್ದರೆ ಉಳಿದ ಸಾಲುಗಳು ಹುಟ್ಟುತ್ತಲೇ ಇರಲಿಲ್ಲ. ಹಾಳೆಯಲ್ಲಿ ಅವನ ಸಹಿ ಇದೆ.

ತನ್ನ ಮೇಜಿಗೆ ವಾಪಸು ಬಂದು ಹೊಸ ಲೈನಿನವರಿಗೆ ಫೋನು ಹಚ್ಚಿದ. ಆ ಕಡೆಯವನು ತುಂಬಾ ವಿನಯವಂತ.

"ಸಾರ್, ನಿಮ್ಮ ಲೈನ್ ನಂಬರು ಕೆಟ್ಟವರ ಪಟ್ಟಿಯಲ್ಲಿದೆ ಸಾರ್."

"ಅದು ನನಗೂ ಕಾಣ್ತಿದೆ. ನಾವು ಬಂದು ಮೂರು ದಿನ ಆಗಿಲ್ಲ. ಅಷ್ಟರಲ್ಲಿ ಏನು ಕೆಟ್ಟದ್ದು ಮಾಡಿದ್ವಿ?"

"ನೀವಲ್ಲ ಸಾರ್. ಆ ನಂಬರು ಮುಂಚೆ ಬೇರೆಯವರ ಹತ್ರ ಇತ್ತು. ಬೊಕ್ಕತಲೆಗೆ ಕೂದಲು ಬರಿಸೋ ಎಣ್ಣೆಯವರು. ದಿನಕ್ಕೆ ಮೂರು ಲಕ್ಷ ಮೇಲ್ ಬಿಡ್ತಿದ್ರು ಸಾರ್. ನಂಬರಿಗೆ ಇನ್ನೂ ಅವರ ಹೆಸರೇ ಇದೆ."

ಪೋಸ್ಟ್‌ಮಾಸ್ಟರ್ ತನ್ನ ನುಣ್ಣನೆಯ ತಲೆಯ ಮೇಲೆ ಕೈಯಾಡಿಸಿಕೊಂಡ. ಗಂಟಲಲ್ಲಿ ನಿಂತಿದ್ದ ನಗು ಈಗ ಕೇಳದೆಯೇ ಹೊರಗೆ ಬಿತ್ತು.

"ಸಾರ್? ಅಳ್ತಿದ್ದೀರಾ ಸಾರ್?"

"ಇಲ್ಲಪ್ಪಾ. ಆ ಹೆಸರು ತೆಗೆದು ನಮ್ಮ ಹೆಸರು ಹಾಕೋಕೆ ಎಷ್ಟು ಹೊತ್ತು ಬೇಕು?"

"ಸಂಜೆಯೊಳಗೆ ಸಾರ್."

"ಮೂರು ಗಂಟೆಯೊಳಗೆ. ಇಲ್ಲಿ ಒಬ್ಬರು ನನ್ನನ್ನ ಚಿಲಕ ಮಾಡ್ತೀನಿ ಅಂತ ನಿಂತಿದ್ದಾರೆ."

ಬಾಡಿಗೆಗೆ ಹೊಸ ಮನೆ ಹಿಡಿದರೆ ಹಿಂದೆ ಇದ್ದವನ ಸಾಲಗಾರರು ಬಂದು ನಮ್ಮ ಕೊರಳಪಟ್ಟಿ ಹಿಡಿದ ಹಾಗಾಗಿತ್ತು. ಆ ಕಡೆಯ ಯಂತ್ರಗಳು ಪತ್ರ ತಂದವನ ನಂಬರು ನೋಡುತ್ತವೆ, ಆ ನಂಬರು ಯಾರದ್ದೆಂದು ವಿಚಾರಿಸುತ್ತವೆ. ಪತ್ರದ ಮೇಲೆ ಬೀಗದ ಕಂಪನಿ, ನಂಬರಿನ ಮೇಲೆ ಕೂದಲೆಣ್ಣೆ. ಕದ ಹಾಕಿಕೊಳ್ಳದೆ ಇನ್ನೇನು ಮಾಡುತ್ತವೆ? ಹೆಸರು ಬದಲಾದರೆ ಸಾಲದು, ಕೆಟ್ಟವರ ಪಟ್ಟಿಯಿಂದ ಬಿಡಿಸಿಕೊಳ್ಳಲೂ ಅರ್ಜಿ ಹಾಕಬೇಕು. ಅವನು ಅರ್ಜಿಯ ಪುಟ ತೆರೆದ. ಮೂರು ಪ್ರಶ್ನೆ. ನಿಮ್ಮ ಕಡೆಯಿಂದ ಆದ ತಪ್ಪೇನು? ಅದನ್ನು ಸರಿಪಡಿಸಿದ್ದೀರಾ? ಮತ್ತೆ ಆಗುವುದಿಲ್ಲ ಎಂಬುದಕ್ಕೆ ಏನು ಭರವಸೆ? ಅರ್ಜಿ ಎಂಬ ಮಾತು ಕಂಡದ್ದೇ ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು.

ಹನ್ನೊಂದು ವರ್ಷದ ಹಿಂದಿನ ಭಾವನ ಅರ್ಜಿ ನೀಲಿ ಶಾಯಿಯದು. ಬಡಗಿ ಕೆಲಸ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿಹೋದಾಗ ಭಾವ ತಾನೇ ಕೂತು ಬರೆದದ್ದು, ಬೀಗ ಕೂರಿಸುವ ವಿಭಾಗದಲ್ಲಿ ಕೆಲಸ ಬೇಕೆಂದು. ಮೂರು ಕಡೆ ಗೀಚಿ ತಿದ್ದಿದ್ದ, ಅಕ್ಷರಗಳು ಸಾಲು ಬಿಟ್ಟು ಮೇಲೇರಿದ್ದವು, ಒಂದು ಮೂಲೆಯಲ್ಲಿ ಹೆಬ್ಬೆರಳಿನ ಎಣ್ಣೆ ಗುರುತು. 'ನಿಮ್ಮ ಯಜಮಾನರ ಕೈಗೆ ಕೊಡು ಪುಟ್ಟಾ, ಅಷ್ಟು ಸಾಕು' ಎಂದಿದ್ದಳು ಅಕ್ಕ. ಅವನು ಆ ಹಾಳೆಯನ್ನು ಯಜಮಾನರ ಬಾಗಿಲವರೆಗೆ ಒಯ್ದ. ಬಾಗಿಲಲ್ಲಿ ನಿಂತು ಇನ್ನೊಮ್ಮೆ ನೋಡಿದ. ಇವನು ನನ್ನ ಭಾವ ಎನ್ನಬೇಕಲ್ಲ ಎಂದು ಕಿವಿ ಬಿಸಿಯಾಯಿತು. ತಿರುಗಿ ಬಂದು ಮೇಜಿನ ಡ್ರಾಯರಿನಲ್ಲಿಟ್ಟ. ನಾಳೆ ಕೊಡೋಣ ಎಂದ. ಎಷ್ಟೋ ನಾಳೆಗಳಾದ ಮೇಲೆ ಅಕ್ಕ ಕೇಳಿದಾಗ 'ಆಗಲ್ಲ ಅಂದ್ರು ಅಕ್ಕ' ಎಂದುಬಿಟ್ಟ. ಯಾರೂ ಬೇಡ ಎನ್ನದ ಅರ್ಜಿಯನ್ನು ಪೋಸ್ಟ್‌ಮಾಸ್ಟರ್ ತಾನೇ ತಿರಸ್ಕರಿಸಿ ವಾಪಸು ಕಳಿಸಿದ್ದ. ಅರ್ಧ ಆಫೀಸು ನಂಬಿದ್ದು ಆ ಒಂದು ಸಲ ನಿಜವಾಗಿತ್ತು. ಅಕ್ಕ ಬಿಡುವವಳಲ್ಲ. ಯಾಕೆ ಆಗಲ್ಲ ಎಂದು ಕೇಳಿಯೇ ತೀರುತ್ತೇನೆ ಎಂದು ಒಂದು ಮಧ್ಯಾಹ್ನ ಆಫೀಸಿಗೇ ಬಂದಳು. ಆಗ ಅವನು ಇದೇ ಹಾಲ್‌ನಲ್ಲಿ ಬೂಟು ಬಿಚ್ಚಿಟ್ಟು ಮೇಜಿನ ಕೆಳಗೆ ತೂರಿ ವೈರು ಎಳೆಯುತ್ತಿದ್ದ. ಅವಳ ದನಿ ಕೇಳಿಸಿತು. 'ಅಂಥ ಅರ್ಜಿ ಯಾವುದೂ ನನ್ನ ಕೈಗೆ ಬಂದಿಲ್ಲವಲ್ಲಮ್ಮ' ಎಂಬ ಯಜಮಾನರ ದನಿಯೂ ಕೇಳಿಸಿತು. ಎದ್ದು ಬರಬೇಕಿತ್ತು. ಬರಲಿಲ್ಲ. ವೈರನ್ನು ಎರಡೂ ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದು ಮಲಗಿದ. ಹೊರಗೆ ಚಾಚಿದ್ದ ಎರಡು ಪಾದಗಳ ಹತ್ತಿರ ಅವಳ ಚಪ್ಪಲಿಗಳು ಬಂದು ನಿಂತವು. ಹಳದಿ ಗೆರೆಯ ಆ ಕಾಲುಚೀಲ ಅವಳೇ ಕೊಡಿಸಿದ್ದು. ಆಮೇಲೆ ಆ ಪಾದಗಳಿಗೆ, 'ಎಡಗಾಲಿನ ಕಾಲುಚೀಲ ತೂತಾಗಿದೆ ಕಣೋ' ಎಂದು ಹೇಳಿ ಹೊರಟುಹೋದಳು. ಹನ್ನೊಂದು ವರ್ಷದಲ್ಲಿ ಅದೇ ಕೊನೆಯ ಮಾತು. ಭಾವನಿಗೆ ಬೇರೆ ಕಡೆ ಕೆಲಸ ಸಿಕ್ಕಿತು, ಇದಕ್ಕಿಂತ ಒಳ್ಳೆಯದೇ ಸಿಕ್ಕಿತು ಎಂದು ಹೆಂಡತಿ ಹೇಳಿದ್ದಳು. ಅದರಿಂದ ಅವನಿಗೆ ಹಗುರವಾಗಲಿಲ್ಲ.

ಈಗ ಅವನು ಅರ್ಜಿ ತುಂಬಿದ. ಆದ ತಪ್ಪು: ವಾಪಸು ಬಂದದ್ದನ್ನು ನೋಡಿಯೂ ಸರಿ ಇದೆ ಎಂದು ಬರೆದದ್ದು. ಸರಿಪಡಿಸಿದ್ದೀರಾ: ಪಡಿಸುತ್ತಿದ್ದೇನೆ. ಭರವಸೆ ಎಂಬಲ್ಲಿ ಏನು ಬರೆಯುವುದೆಂದು ಯೋಚಿಸಿ, ಆ ಕಡೆಯಲ್ಲೂ ಓದುವುದು ಯಂತ್ರವೇ ಎಂದು ನೆನಪಾಗಿ, ಮೊದಲ ಉತ್ತರವನ್ನು ಅಳಿಸಿ ಕೂದಲೆಣ್ಣೆಯ ವಿಷಯ ಬರೆದು ಕಳಿಸಿದ. ತಲೆಯೆತ್ತಿದರೆ ಯಜಮಾನರು ನಿಂತಿದ್ದರು. ಎಪ್ಪತ್ತೆರಡರ ವಯಸ್ಸಿನಲ್ಲೂ ಕೈಯಲ್ಲೊಂದು ಕಬ್ಬಿಣ ಉಜ್ಜುವ ಅರ ಹಿಡಿದೇ ಓಡಾಡುವವರು. ಅವರ ಬೆನ್ನಿಗೆ ಮಾರಾಟದಾಕೆ.

"ಯಾವತ್ತಿಂದ ಹೀಗೆ?"

"ಶುಕ್ರವಾರದಿಂದ ಸಾರ್."

"ಶುಕ್ರವಾರ ನೀವು ಟೆಸ್ಟ್ ಮಾಡಿದ್ರಿ. ಹಾಳೆ ನನ್ನ ಮೇಜಿನ ಮೇಲಿದೆ."

ಹಳೆಯ ಪೋಸ್ಟ್‌ಮಾಸ್ಟರನಾಗಿದ್ದರೆ ಇಲ್ಲಿ ಕೂದಲೆಣ್ಣೆಯ ಹಿಂದೆ ಅಡಗಿಕೊಳ್ಳಬಹುದಿತ್ತು, ಜಾಗವೂ ಸಾಕಷ್ಟಿತ್ತು. ಆದರೆ ಬೆಳಗಿನಿಂದ ಏರಿದ್ದ ಆ ಹುಚ್ಚು ಅಮಲು ಅವನ ನಾಲಗೆಯನ್ನು ಸಡಿಲ ಮಾಡಿತ್ತು.

"ಟೆಸ್ಟ್ ಮೇಲ್ ವಾಪಸ್ ಬಂದಿತ್ತು ಸಾರ್. ಆದ್ರೂ ಸರಿ ಅಂತ ಬರೆದೆ. ತಪ್ಪು ನನ್ನದೇ."

"ವಾಪಸ್ ಬಂದಿದ್ದು ಕಂಡೂ?"

"ಬೇಡ ಅಂದಿದ್ದು ಯಂತ್ರ ಅಲ್ಲ, ಅವರೇ ಅಂದ್ಕೊಂಡೆ. ಅವರು ಬೇಡ ಅನ್ನೋಕೆ ಕಾರಣ ಇತ್ತು ಸಾರ್."

ಮಾರಾಟದಾಕೆಯ ಹುಬ್ಬು ಮೇಲೇರಿತು. ಯಜಮಾನರು ಅರದಿಂದ ತಮ್ಮ ಉಗುರನ್ನು ಎರಡು ಸಲ ಉಜ್ಜಿಕೊಂಡರು. ಬೈಯಲಿಲ್ಲ. "ನಿಮಗೆ ವಿನಾಯಿತಿ ಏನೂ ಇಲ್ಲ, ಆಮೇಲೆ ಮಾತಾಡ್ತೀನಿ. ಮೊದಲು ರಿಪೇರಿ ಆಗ್ಲಿ" ಎಂದು ಕುರ್ಚಿಯೆಳೆದು ಅಲ್ಲೇ ಕೂತರು. ಬೈದಿದ್ದರೇ ಸುಲಭವಿತ್ತು.

ಎರಡೂ ಐವತ್ತಕ್ಕೆ ನಂಬರಿನ ಮೇಲೆ ಬೀಗದ ಕಂಪನಿಯ ಹೆಸರು ಬಂತು. ಮೂರೂ ಇಪ್ಪತ್ತಕ್ಕೆ ಪಟ್ಟಿಯಿಂದ ನಂಬರು ಮಾಯವಾಯಿತು. ವಿನಯವಂತನಿಗೆ ಫೋನಿನಲ್ಲೇ ಆಶೀರ್ವಾದ ಮಾಡಿ ಇಟ್ಟದ್ದಾಯಿತು. ಮಾರಾಟದಾಕೆ, "ಹಾಗಾದ್ರೆ ನಂದು ಕಳಿಸ್ತೀನಿ" ಎಂದು ಓಡುವುದರಲ್ಲಿದ್ದಳು.

"ತಡೀಮ್ಮ" ಎಂದರು ಯಜಮಾನರು. "ಮೊದಲು ಶುಕ್ರವಾರದ ಟೆಸ್ಟೇ ಮತ್ತೆ ಹೋಗ್ಲಿ. ಅವರಿಗೇ."

"ಬೇರೆ ಯಾರಿಗಾದ್ರೂ ಕಳಿಸ್ತೀನಿ ಸಾರ್. ನಮ್ಮ ಮನೆಯವಳಿಗೆ..."

"ಏನಪ್ಪಾ, ಹದಿನಾರು ವರ್ಷದಿಂದ ಬೀಗದವರ ಅನ್ನ ತಿಂತಿದ್ದೀರಿ. ಬೀಗ ರಿಪೇರಿ ಮಾಡಿದ್ಮೇಲೆ ಯಾವ ಬಾಗಿಲಲ್ಲಿ ಸಿಕ್ಕಿಕೊಂಡಿತ್ತೋ ಅದೇ ಬಾಗಿಲಿಗೆ ಹಾಕಿ ತಿರುಗಿಸಿ ನೋಡ್ಬೇಕು. ಪಕ್ಕದ ಬಾಗಿಲಿಗೆ ಹಾಕಿ ಸರಿ ಹೋಯ್ತು ಅನ್ನೋದು ಕಳ್ಳಾಟ."

ಕಂಪನಿಯಲ್ಲಿ ಅದು ಮೊದಲಿನಿಂದಲೂ ಇದ್ದ ಪದ್ಧತಿ. ರಿಪೇರಿಗೆ ಬಂದ ಬೀಗದ ಜೊತೆ ಕೆಲಸಗಾರನೂ ಆ ಮನೆಗೆ ಹೋಗಿ ಅದೇ ಕದಕ್ಕೆ ಹಾಕಿ ತಿರುಗಿಸಿ ತೋರಿಸಿಯೇ ಬರುತ್ತಿದ್ದ. ಇದು ತನಗೂ ಅನ್ವಯಿಸುತ್ತದೆಂದು ಅವನಿಗೆ ಹೊಳೆದಿರಲಿಲ್ಲ. ಪತ್ರ ತೆರೆದ. ಮೇಲೆ 'ಟೆಸ್ಟ್ ಮೇಲ್, ಗಮನಿಸಬೇಡಿ.' ಕೆಳಗೆ, ಅಕ್ಕಾ, ಭಾವನ ಅರ್ಜಿಯನ್ನು ಯಾರೂ ಬೇಡ ಎನ್ನಲಿಲ್ಲ, ನಾನೇ ಕೊಡಲಿಲ್ಲ, ಅದು ಇನ್ನೂ ನನ್ನ ಡ್ರಾಯರಿನಲ್ಲೇ ಇದೆ ಎಂದು ಶುರುವಾಗುವ ಸಾಲುಗಳು. ಅವನು ತೋಳಿನಿಂದ ಪರದೆಯನ್ನು ಮರೆ ಮಾಡಿದ.

"ಟೆಸ್ಟ್ ಮೇಲ್ ಇಷ್ಟುದ್ದ ಇರುತ್ತಾ?" ಎಂದಳು ಮಾರಾಟದಾಕೆ ಕತ್ತು ನೀಡಿ.

"ಉದ್ದ ಇದ್ರೆ ಚೆನ್ನಾಗಿ ಟೆಸ್ಟ್ ಆಗುತ್ತೆ."

ಒತ್ತಿದ. ಒಂದು ಸೆಕೆಂಡು, ಎರಡು, ಮೂರು. ದಿನಚರಿಯಲ್ಲಿ ಹೊಸ ಸಾಲು ಬಂತು: ಸ್ವೀಕರಿಸಲಾಗಿದೆ. ಮಾರಾಟದಾಕೆ ಚಪ್ಪಾಳೆ ತಟ್ಟಿದಳು. ಓಡಿಹೋಗಿ ಆರುನೂರು ಬಾಗಿಲುಗಳನ್ನು ಕಳಿಸಿಯೂ ಬಿಟ್ಟಳು, ಹೋಯ್ತು ಹೋಯ್ತು ಎಂದು ಅಲ್ಲಿಂದಲೇ ಕೂಗಿದಳು, ಪ್ಯಾಕಿಂಗ್‌ನವರು ಯಾರೋ ಸಿಳ್ಳೆ ಹೊಡೆದರು. ಯಜಮಾನರು ಮಾತ್ರ ಎದ್ದು, "ಬೀಗ ತಿರುಗ್ತು. ಬಾಗಿಲು ತೆಗೀತಾ ನೋಡಿ" ಎಂದು ಹೇಳಿ ತಮ್ಮ ಕೋಣೆಗೆ ಹೋದರು. ಅವನ ಅಮಲು ಅಲ್ಲಿಗೆ ಇಳಿಯಿತು, ಮೆಟ್ಟಿಲು ಇದೆಯೆಂದು ಕಾಲಿಟ್ಟರೆ ಇಲ್ಲದ ಹಾಗೆ. ಸ್ವೀಕರಿಸಿದ್ದು ಯಂತ್ರ. ಈಗ ಪತ್ರ ನಿಜವಾಗಿಯೂ ಅವಳೆದುರಿಗಿದೆ. ಈಗ ಬೇಡ ಎಂದರೆ ಅದು ಅಕ್ಕನೇ, ಕೂದಲೆಣ್ಣೆಯವರಲ್ಲ, ಪಟ್ಟಿಯಲ್ಲ, ನಂಬರಲ್ಲ. ನೆಪಗಳನ್ನೆಲ್ಲ ಅವನೇ ಒಂದೊಂದಾಗಿ ರಿಪೇರಿ ಮಾಡಿ ಮುಗಿಸಿದ್ದ. ಮೂರೂ ನಲವತ್ತು. ಮೂರೂ ನಲವತ್ತೆರಡು. ಪರದೆಯನ್ನು ನೋಡುವುದು ಅಸಾಧ್ಯವಾಯಿತು. ಮಾರಾಟದಾಕೆಯ ಮೇಜಿನ ಕೆಳಗೆ ಹಳೆಯ ಲೈನಿನ ವೈರು ಇನ್ನೂ ಉಳಿದಿತ್ತಲ್ಲ ಎಂದು ಅವನಿಗೆ ಬಹಳ ಮುಖ್ಯವಾಗಿ ನೆನಪಾಯಿತು. ತನ್ನ ಲ್ಯಾಪ್‌ಟಾಪನ್ನು ಅವಳ ಮೇಜಿನ ಮೂಲೆಯಲ್ಲಿ ಜೋಡಿಸಿಟ್ಟು, ಬೂಟು ಬಿಚ್ಚಿ, ಕೆಳಗೆ ತೂರಿಕೊಂಡ.

ಕೆಳಗೆ ಹಿತವಾಗಿತ್ತು. ದೂಳು, ಒಂದು ಪೆನ್ನಿನ ಮುಚ್ಚಳ, ವೈರುಗಳ ಗೋಜಲು. ಮೇಲಿನ ಜಗತ್ತಿನಿಂದ ಬರಿಯ ಚಪ್ಪಲಿಗಳು ಕಾಣುತ್ತಿದ್ದವು. ಹಳೆಯ ವೈರನ್ನು ಎರಡೂ ಕೈಯಲ್ಲಿ ಹಿಡಿದು ಮಲಗಿದ, ಎಳೆಯಲಿಲ್ಲ. ಮೇಲೆ ಟಿಂಗ್ ಎಂದಿತು.

"ಪೋಸ್ಟ್‌ಮಾಸ್ಟ್ರೇ, ನಿಮ್ಮ ಟೆಸ್ಟಿಗೆ ಉತ್ತರ ಬಂತು!"

ಅವನು ವೈರನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡ.

"ವಾಪಸ್ಸಾ?" ಎಂದ.

"ವಾಪಸ್ಸಲ್ಲ ರೀ, ಉತ್ತರ. ಓದ್ಲಾ?"

ಬೇಡ ಎನ್ನಬೇಕೆಂದುಕೊಂಡ. "ಓದಿ" ಎಂದಿತು ಬಾಯಿ.

"ಗಮನಿಸಬೇಡಿ ಅಂತ ಬರೆದಿದ್ದೀಯ, ಎರಡು ಸಲ ಗಮನಿಸಿದೆ. ಭಾವ ನಗ್ತಿದ್ದಾರೆ. ಭಾನುವಾರ ಆ ಅರ್ಜಿ ತಗೊಂಡು ಬಾ, ಅವರ ಕೈಗೆ ನೀನೇ ಕೊಡಬೇಕು. ಅದಕ್ಕೆ ಮುಂಚೆ ಮೇಜಿನ ಕೆಳಗಿನಿಂದ ಎದ್ದು ಬಾ." ಮಾರಾಟದಾಕೆ ನಿಲ್ಲಿಸಿದಳು. ಕುರ್ಚಿ ಕಿರುಗುಟ್ಟಿತು. ಅವಳು ಬಾಗಿ ಮೇಜಿನ ಕೆಳಗೆ ಮುಖ ತಂದಳು, ತಲೆಕೆಳಗಾದ ಮುಖ, ಅಗಲವಾದ ಕಣ್ಣು. "ಅಲ್ರೀ... ನೀವು ಮೇಜಿನ ಕೆಳಗಿದ್ದೀರಿ ಅಂತ ಅವರಿಗೆ ಹೇಗೆ ಗೊತ್ತಾಯ್ತು?"

ನಗು ಈ ಸಲ ಗಂಟಲಲ್ಲಿ ನಿಲ್ಲಲೇ ಇಲ್ಲ. ಏಳಲು ಹೋಗಿ ತಲೆ ಮೇಜಿಗೆ ಹೊಡೆಯಿತು, ಮೇಲಿದ್ದ ಪೆನ್ನುಗಳೆಲ್ಲ ಜಿಗಿದವು, ಮತ್ತೂ ನಕ್ಕ. ಕಣ್ಣಲ್ಲಿ ನೀರು ಬಂದದ್ದು ಪೆಟ್ಟಿಗೋ ನಗುವಿಗೋ ಎಂದು ಕೇಳುವವರು ಯಾರೂ ಇರಲಿಲ್ಲ. ಹೊರಗೆ ತೆವಳುವ ಮುನ್ನ, ಏನೋ ಅನುಮಾನ ಬಂದು, ಕತ್ತು ತಿರುಗಿಸಿ ತನ್ನ ಎಡಗಾಲನ್ನು ನೋಡಿಕೊಂಡ. ಕಾಲುಚೀಲ ತೂತಾಗಿತ್ತು.